ಒಂದೇ ಗಿಟಾರಿನಲ್ಲಿ ಮೂರು ದನಿ: ಟಾಮಿ ಎಮ್ಯಾನುಯೆಲ್ ಕೈಗೆ ಈ ವಿದ್ಯೆ ಬಂದದ್ದು ಎಲ್ಲಿಂದ?

ಬೆಂಗಳೂರಿನಲ್ಲಿ ಈಗ ಗಿಟಾರ್ ಕ್ಲಾಸ್ ಇಲ್ಲದ ಬಡಾವಣೆ ಹುಡುಕುವುದೇ ಕಷ್ಟ. ಜಯನಗರ, ಮಲ್ಲೇಶ್ವರ, ವಿಜಯನಗರ, ಎಲ್ಲಿ ನೋಡಿದರೂ ಶನಿವಾರ ಭಾನುವಾರ ಬೆನ್ನಿಗೆ ಗಿಟಾರ್ ಚೀಲ ಹಾಕಿಕೊಂಡ ಮಕ್ಕಳು ಕಾಣುತ್ತಾರೆ. ಒಂದೆರಡು ವರ್ಷ ಕಾರ್ಡ್ ಹಿಡಿದು ಹಾಡಿನ ಜೊತೆ ನುಡಿಸಿದ ಮೇಲೆ ಅವರಲ್ಲಿ ಕೆಲವರು ಇದ್ದಕ್ಕಿದ್ದಂತೆ ಹಾಡುವುದನ್ನೇ ಬಿಡುತ್ತಾರೆ. ಪಿಕ್ (ತಂತಿ ಮೀಟುವ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ) ಪಕ್ಕಕ್ಕಿಟ್ಟು, ಬರೀ ಬೆರಳಲ್ಲಿ, ಅದೇ ನಾಲ್ಕು ಸಾಲನ್ನು ಗಂಟೆಗಟ್ಟಲೆ ತಿದ್ದುತ್ತಾ ಕೂರುತ್ತಾರೆ. ಏನಿದು ಅಂತ ಕೇಳಿದರೆ "ಫಿಂಗರ್‌ಸ್ಟೈಲ್" ಅನ್ನುತ್ತಾರೆ. ಯಾರ ಹಾಗೆ ನುಡಿಸಬೇಕು ಅಂತ ಕೇಳಿದರೆ ಬರುವ ಮೊದಲ ಹೆಸರುಗಳಲ್ಲಿ ಆಸ್ಟ್ರೇಲಿಯಾದ ಟಾಮಿ ಎಮ್ಯಾನುಯೆಲ್ ಇದ್ದೇ ಇರುತ್ತಾರೆ.

ಮನೆಯವರಿಗೆ ಇದು ಸ್ವಲ್ಪ ಗೊಂದಲ. ಹಾಡಿಲ್ಲ, ಬ್ಯಾಂಡ್ ಇಲ್ಲ, ಕೆಲವೊಮ್ಮೆ ಗಿಟಾರಿನ ಮೈಮೇಲೆ ತಟ್ಟುವುದೂ ಉಂಟು. ಇದಕ್ಕೂ ಒಂದು ಪರಂಪರೆ ಇದೆಯಾ? ಗುರು ಅಂತ ಯಾರು? ಇದನ್ನೇ ನಂಬಿ ಯಾರಾದರೂ ಜೀವನ ಮಾಡಿದ್ದಾರಾ? ಕೇಳಬೇಕಾದ ಪ್ರಶ್ನೆಗಳೇ. ಟಾಮಿಯವರ ಬದುಕನ್ನು ಹಿಡಿದು ಹೊರಟರೆ ಮೂರಕ್ಕೂ ಉತ್ತರ ಸಿಗುತ್ತದೆ. ಆದರೆ ಅದಕ್ಕೂ ಮೊದಲು ಬಲಗೈಯಲ್ಲಿ ಏನು ನಡೆಯುತ್ತದೆ ಅಂತ ನೋಡಬೇಕು. ಅದು ತಿಳಿಯದೆ ಉಳಿದ ಕತೆಗೆ ರುಚಿ ಬರುವುದಿಲ್ಲ.

## ಫಿಂಗರ್‌ಸ್ಟೈಲ್ ಅಂದರೇನು

ಗಿಟಾರಿಗೆ ಆರು ತಂತಿ. ಎಣಿಕೆ ಶುರುವಾಗುವುದು ತೀರಾ ತೆಳುವಾದ ತಂತಿಯಿಂದ. ಅದು ಒಂದನೆಯದು, ಅತಿ ದಪ್ಪನೆಯದು ಆರನೆಯದು. ತೆಳು ತಂತಿಗಳಲ್ಲಿ ಏರು ಸ್ವರ, ದಪ್ಪ ತಂತಿಗಳಲ್ಲಿ ತಗ್ಗು ಸ್ವರ. ಈ ತಗ್ಗು ಸ್ವರಗಳಿಗೆ ಬೇಸ್ ಅನ್ನುತ್ತಾರೆ. ಎಡಗೈಯಲ್ಲಿ ಕೆಲವು ತಂತಿ ಒತ್ತಿ ಹಿಡಿದು, ಹೊಂದುವ ಮೂರ್ನಾಲ್ಕು ಸ್ವರ ಒಟ್ಟಿಗೆ ಬರುವಂತೆ ಮಾಡಿದರೆ ಅದು ಕಾರ್ಡ್.

ನಾವು ಸಾಮಾನ್ಯವಾಗಿ ನೋಡುವ ನುಡಿಸಾಣಿಕೆಯಲ್ಲಿ ಬಲಗೈಯ ಪಿಕ್ ಆರೂ ತಂತಿಯ ಮೇಲೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಾಡುತ್ತದೆ. ಅದು ಸ್ಟ್ರಮ್ಮಿಂಗ್. ಅಲ್ಲಿ ಗಿಟಾರು ಹಾಡಿಗೆ ಆಸರೆ ಅಷ್ಟೇ. ರಾಗ ಹಾಡುವವರ ಗಂಟಲಿನಿಂದ ಬರಬೇಕು.

ಫಿಂಗರ್‌ಸ್ಟೈಲಿನಲ್ಲಿ ಒಂದೊಂದು ಬೆರಳಿಗೂ ಬೇರೆ ಬೇರೆ ತಂತಿ ಹಂಚಿರುತ್ತದೆ. ಹೆಬ್ಬೆರಳು ದಪ್ಪ ತಂತಿಗಳಲ್ಲಿ ಬೇಸ್ ನುಡಿಸುತ್ತದೆ. ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳು ಸೇರಿ ತೆಳು ತಂತಿಗಳಲ್ಲಿ ರಾಗ ತೆಗೆಯುತ್ತವೆ. ನಡುವಿನ ತಂತಿಗಳಲ್ಲಿ ಕಾರ್ಡಿನ ತುಂಡುಗಳು ತುಂಬಿಕೊಳ್ಳುತ್ತವೆ. ಹೀಗೆ ಬೇಸ್, ಕಾರ್ಡ್, ರಾಗ ಮೂರೂ ಒಬ್ಬರ ಕೈಯಿಂದ ಒಂದೇ ಹೊತ್ತಿಗೆ ಬರುತ್ತವೆ. ಇದು ಅಕೌಸ್ಟಿಕ್ ಗಿಟಾರಿನಲ್ಲಿ, ಅಂದರೆ ಟೊಳ್ಳು ಮರದ ಡಬ್ಬವೇ ಸದ್ದನ್ನು ದೊಡ್ಡದು ಮಾಡುವ ಗಿಟಾರಿನಲ್ಲಿ, ಜಾಸ್ತಿ ಬೆಳೆದ ಕಲೆ.

ವೀಣೆ ಕೇಳಿ ಬೆಳೆದವರಿಗೆ ಇದು ಪೂರ್ತಿ ಹೊಸದೇನಲ್ಲ. ವೀಣೆಯಲ್ಲಿ ನಾಲ್ಕು ತಂತಿ ಮೆಟ್ಟಿಲುಗಳ ಮೇಲೆ, ಮೂರು ತಾಳದ ತಂತಿ ಪಕ್ಕದಲ್ಲಿ. ವೈಣಿಕರ ತೋರುಬೆರಳು ಮತ್ತು ಮಧ್ಯದ ಬೆರಳು ರಾಗ ಮೀಟುತ್ತಿರುವಾಗ ಕಿರುಬೆರಳು ತಾಳದ ತಂತಿ ಮೀಟುತ್ತಿರುತ್ತದೆ. ದೊರೆಸ್ವಾಮಿ ಅಯ್ಯಂಗಾರರ ತಾನ ಕೇಳಿದವರಿಗೆ ಆ ತಂತಿಗಳ ಝಣ್ ಎನ್ನುವ ನಾದ ಇಲ್ಲದೆ ತಾನವೇ ಬೋಳು ಅನ್ನಿಸುತ್ತದೆ. ಒಂದು ಕೈಯಲ್ಲಿ ಎರಡು ಕೆಲಸ ಅನ್ನುವ ಉಪಾಯ ನಮ್ಮಲ್ಲೂ ಇದೆ. ಫಿಂಗರ್‌ಸ್ಟೈಲಿನಲ್ಲಿ ಆ ಎರಡನೇ ಕೆಲಸ ಹೆಬ್ಬೆರಳಿನದು, ಮತ್ತು ಅಲ್ಲಿ ಅದು ಕಾರ್ಡಿನ ಜೊತೆ ಸ್ವರ ಬದಲಿಸುತ್ತಾ ಹೋಗುತ್ತದೆ.

## ಹೆಬ್ಬೆರಳು ತಾನೇ ನಡೆಯಬೇಕು

ಟಾಮಿ ನುಡಿಸುವ ಬಗೆಗೆ ಮೂಲವಾದದ್ದು ಟ್ರಾವಿಸ್ ಪಿಕಿಂಗ್. ಅದನ್ನು ಹತ್ತಿರದಿಂದ ನೋಡೋಣ. ಎಡಗೈಯಲ್ಲಿ ಸಿ ಕಾರ್ಡ್ ಹಿಡಿದಿದ್ದೀರಿ ಅಂದುಕೊಳ್ಳಿ. ಹೆಬ್ಬೆರಳು ಐದನೇ ತಂತಿ, ನಾಲ್ಕನೇ ತಂತಿ, ಮತ್ತೆ ಐದು, ಮತ್ತೆ ನಾಲ್ಕು, ಹೀಗೆ ಮೀಟುತ್ತದೆ. ಒಂದು, ಎರಡು, ಮೂರು, ನಾಲ್ಕು ಅಂತ ಸಮವಾಗಿ ಎಣಿಸಿದರೆ ಪ್ರತಿ ಎಣಿಕೆಗೂ ಹೆಬ್ಬೆರಳಿನ ಒಂದು ಪೆಟ್ಟು. ಅಂಗೈಯ ಅಂಚು ಬ್ರಿಡ್ಜಿನ ಹತ್ತಿರ, ಅಂದರೆ ತಂತಿಗಳು ಮರಕ್ಕೆ ಸೇರುವ ಜಾಗದಲ್ಲಿ, ಮೆತ್ತಗೆ ಒರಗಿರುತ್ತದೆ. ಅದರಿಂದ ಬೇಸ್ ತಂತಿಗಳು ಉದ್ದಕ್ಕೆ ಗುಂಯ್‌ಗುಡದೆ, ದುಂಡಗೆ "ದುಮ್, ದುಮ್" ಅಂತ ಕೇಳುತ್ತವೆ.

ಇಲ್ಲಿಯವರೆಗೆ ಸುಲಭ. ಈಗ ರಾಗ ಸೇರಿಸಬೇಕು. ರಾಗದ ಸ್ವರಗಳು ಹೆಬ್ಬೆರಳಿನ ಪೆಟ್ಟಿನ ಜೊತೆಗೇ ಬಿದ್ದರೆ ಅಷ್ಟೇನೂ ಕಷ್ಟವಿಲ್ಲ. ಆದರೆ ರಾಗ ಹಾಗೆ ನಡೆಯುವುದಿಲ್ಲ. ಎರಡು ಪೆಟ್ಟಿನ ನಡುವೆ ಒಂದು ಸ್ವರ, ಪೆಟ್ಟಿಗೆ ಚೂರು ಮುಂಚೆ ಇನ್ನೊಂದು, ಒಂದು ಪೆಟ್ಟು ಬಿಟ್ಟು ಮತ್ತೊಂದು. ಬೆರಳುಗಳು ಹಾಗೆ ಹಿಂದೆ ಮುಂದೆ ಆಡುವಾಗ ಹೆಬ್ಬೆರಳು ಅವುಗಳ ಬೆನ್ನು ಹತ್ತಿ ಎಡವುತ್ತದೆ. ಕಲಿಯುವವರು ತಿಂಗಳುಗಟ್ಟಲೆ ಸಿಕ್ಕಿಕೊಳ್ಳುವುದು ಇಲ್ಲೇ.

ಗಾಂಧಿ ಬಜಾರಿನಲ್ಲಿ ಹೂ ಕಟ್ಟುವ ಅಮ್ಮಂದಿರನ್ನು ನೋಡಿ. ಗಿರಾಕಿ ಜೊತೆ ಚೌಕಾಸಿ, ಪಕ್ಕದ ಅಂಗಡಿಯವರ ಜೊತೆ ಸುದ್ದಿ, ನಡುವೆ ಮೊಮ್ಮಗನಿಗೆ ಒಂದು ಗದರಿಕೆ. ಕೈ ಮಾತ್ರ ಹೂವಿಗೆ ಗಂಟು ಹಾಕುತ್ತಲೇ ಇರುತ್ತದೆ. ಮಾತು ಜೋರಾದರೆ ಕೈ ಜೋರಾಗುವುದಿಲ್ಲ, ಮಾತು ನಿಂತರೆ ಕೈ ನಿಲ್ಲುವುದಿಲ್ಲ. ಹೆಬ್ಬೆರಳು ಆ ಕೈ ಆಗಬೇಕು. ಆಗ ಬೆರಳುಗಳು ಬೇಕಾದ ಮಾತಾಡಬಹುದು. ಟಾಮಿ ವೇದಿಕೆಯಲ್ಲಿ ಪ್ರೇಕ್ಷಕರ ಕಡೆ ನಗುತ್ತಾ, ಓಡಾಡುತ್ತಾ ನುಡಿಸಲು ಸಾಧ್ಯವಾಗುವುದು ಹೆಬ್ಬೆರಳಿನ ಕಡೆ ಅವರು ಗಮನ ಕೊಡಬೇಕಾದ ಅಗತ್ಯವೇ ಇಲ್ಲದಿರುವುದರಿಂದ. ಆ ಬೆರಳಿಗೆ ಅವರು ಥಂಬ್‌ಪಿಕ್ ಎಂಬ ಉಂಗುರದಂಥ ಪ್ಲಾಸ್ಟಿಕ್ ತೊಡುತ್ತಾರೆ. ಬೇಸ್ ಸ್ಪಷ್ಟವಾಗಿ, ಗಟ್ಟಿಯಾಗಿ ಬರಲಿ ಅಂತ.

## ಕೆಂಟಕಿಯ ಗಣಿ ಊರುಗಳು

ಈ ಹೆಬ್ಬೆರಳಿನ ನಡೆ ಯಾವ ಸಂಗೀತ ಶಾಲೆಯಲ್ಲೂ ಹುಟ್ಟಲಿಲ್ಲ. ಅಮೆರಿಕದ ಕೆಂಟಕಿ ರಾಜ್ಯದ ಪಶ್ಚಿಮ ಭಾಗ, ಕಲ್ಲಿದ್ದಲು ಗಣಿಗಳ ನಾಡು. ಅಲ್ಲಿ ಆರ್ನಾಲ್ಡ್ ಶಲ್ಟ್ಸ್ ಎಂಬ ಕಪ್ಪು ಜನಾಂಗದ ಸಂಗೀತಗಾರ ಇದ್ದರು. ಹುಟ್ಟಿದ್ದು 1886ರಲ್ಲಿ, ತೀರಿಕೊಂಡಿದ್ದು 1931ರಲ್ಲಿ. ಹೊಟ್ಟೆಪಾಡಿಗೆ ಕಲ್ಲಿದ್ದಲಿನ ಕೆಲಸ, ಜೊತೆಗೆ ಪಿಟೀಲು ಮತ್ತು ಗಿಟಾರು. ಅವರು ನುಡಿಸಿದ್ದರ ಒಂದೇ ಒಂದು ಧ್ವನಿಮುದ್ರಣವೂ ಇಲ್ಲ. ಇಷ್ಟು ದೊಡ್ಡ ಪರಂಪರೆಯ ಬೇರಿನಲ್ಲಿರುವವರ ನಾದವನ್ನೇ ನಾವು ಕೇಳಲಾರೆವು ಅನ್ನುವುದು ನನಗೆ ತುಂಬಾ ನೋವಿನ ಸಂಗತಿ.

ಆದರೆ ಅವರ ಕೈ ನೋಡಿದವರು ಇದ್ದರು. ಶಲ್ಟ್ಸ್ ಅವರಿಂದ ಕೆನಡಿ ಜೋನ್ಸ್, ಜೋನ್ಸ್ ಅವರಿಂದ ಮೋಸ್ ರೇಗರ್ ಮತ್ತು ಐಕ್ ಎವರ್ಲಿ, ಆ ಇಬ್ಬರಿಂದ ಮರ್ಲ್ ಟ್ರಾವಿಸ್, ಹೀಗೆ ಕೈಯಿಂದ ಕೈಗೆ ವಿದ್ಯೆ ದಾಟಿತು. ಟ್ರಾವಿಸ್ ಹುಟ್ಟಿದ್ದು 1917ರಲ್ಲಿ, ಗಣಿ ಕೆಲಸದವರ ಮನೆಯಲ್ಲಿ. ಅವರು ನುಡಿಸುತ್ತಿದ್ದದ್ದು ಎರಡೇ ಬೆರಳಲ್ಲಿ, ಹೆಬ್ಬೆರಳು ಮತ್ತು ತೋರುಬೆರಳು. ಮುಂದೆ ಸಿನ್ಸಿನಾಟಿಯ ದೊಡ್ಡ ರೇಡಿಯೋ ನಿಲಯವೊಂದರಲ್ಲಿ ನುಡಿಸತೊಡಗಿದಾಗ ಊರಿನ ಆ ಬಗೆ ದೇಶದ ಕಿವಿಗೆ ಬಿತ್ತು. ಅದಕ್ಕೆ ಅವರ ಹೆಸರೇ ನಿಂತಿತು.

## ರೇಡಿಯೋ ಕೇಳಿ ಊಹಿಸಿದ ಹುಡುಗ

ಹಾಗೆ ರೇಡಿಯೋಗೆ ಕಿವಿಗೊಟ್ಟವರಲ್ಲಿ ಚೆಟ್ ಆಟ್ಕಿನ್ಸ್ ಎಂಬ ಹುಡುಗ ಒಬ್ಬ. 1924ರಲ್ಲಿ ಟೆನೆಸ್ಸಿಯ ಹಳ್ಳಿಯಲ್ಲಿ ಹುಟ್ಟಿದವನು. ವಿಪರೀತ ಅಸ್ತಮಾ ಇದ್ದದ್ದರಿಂದ ಜಾರ್ಜಿಯಾದಲ್ಲಿದ್ದ ತಂದೆಯ ಬಳಿಗೆ ಕಳಿಸಿದ್ದರು. ಟ್ರಾವಿಸ್ ಕೈ ಅವನಿಗೆ ಕಾಣುವಂತಿಲ್ಲ. ಕೇಳುವುದೊಂದೇ ದಾರಿ. ಬೇಸ್ ಒಂದು ಕಡೆ, ರಾಗ ಇನ್ನೊಂದು ಕಡೆ, ಇಷ್ಟು ಶುದ್ಧವಾಗಿ ಎರಡೇ ಬೆರಳಲ್ಲಿ ಬರುವುದು ಸಾಧ್ಯವೇ ಇಲ್ಲ, ಕನಿಷ್ಠ ಹೆಬ್ಬೆರಳಿನ ಜೊತೆ ಎರಡು ಬೆರಳು ಬೇಕೇ ಬೇಕು ಅಂತ ಅವನು ಲೆಕ್ಕ ಹಾಕಿದ. ಹಾಗೇ ಅಭ್ಯಾಸ ಮಾಡಿದ. ಬೇಕಾದಾಗ ಮೂರನೆಯ ಬೆರಳನ್ನೂ ಸೇರಿಸಿಕೊಂಡ.

ಊಹೆ ತಪ್ಪಾಗಿತ್ತು, ಆದರೆ ಕೈಗೆ ಹೆಚ್ಚು ಬೆರಳು ಸಿಕ್ಕವು. ಟ್ರಾವಿಸ್ ಕೈಯಲ್ಲಿ ಒರಟು, ಕುಣಿತ ಇದ್ದರೆ ಚೆಟ್ ಕೈಯಲ್ಲಿ ನಯ ಬಂತು, ಒಳಗಿನ ಸ್ವರಗಳು ಬಿಡಿಬಿಡಿಯಾಗಿ ಕೇಳತೊಡಗಿದವು. ಚಾಮರಾಜಪೇಟೆಯ ರಾಮನವಮಿ ಕಛೇರಿಗಳಿಗೆ ಹೋಗುವವರು ಒಂದೇ ಕೃತಿಯ ಎರಡು ಪಾಠಾಂತರಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವುದುಂಟು, ಅಲ್ವಾ? ಇದೂ ಅಂಥದ್ದೇ. ಒಂದೇ ಬೇರು, ಎರಡು ಪಾಠಾಂತರ.

ಚೆಟ್ ಮುಂದೆ ಅಮೆರಿಕದ ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನಲ್ಲಿ ಬಹಳ ದೊಡ್ಡ ಹೆಸರಾದರು. ಗಿಟಾರ್ ವಾದಕರಾಗಿ ಮಾತ್ರವಲ್ಲ, ಆರ್‌ಸಿಎ ಎಂಬ ರೆಕಾರ್ಡ್ ಕಂಪನಿಯಲ್ಲಿ ನಿರ್ಮಾಪಕರಾಗಿಯೂ. ಮಗಳಿಗೆ ಅವರು ಇಟ್ಟ ಹೆಸರು ಮರ್ಲ್.

## ಎರಡು ಕಾರು, ಒಂದು ಕುಟುಂಬ, ಒಂದು ಬ್ಯಾಂಡ್

ಟಾಮಿ ಹುಟ್ಟಿದ್ದು 1955ರ ಮೇ 31ರಂದು, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಮಸ್ವೆಲ್‌ಬ್ರೂಕ್ ಎಂಬ ಊರಲ್ಲಿ. ನಾಲ್ಕನೇ ವಯಸ್ಸಿಗೆ ಕೈಗೆ ಗಿಟಾರು ಬಂತು. ಅಮ್ಮ ಲ್ಯಾಪ್ ಸ್ಟೀಲ್, ಅಂದರೆ ತೊಡೆಯ ಮೇಲೆ ಮಲಗಿಸಿ ನುಡಿಸುವ ಗಿಟಾರು, ನುಡಿಸುತ್ತಿದ್ದರು. ಅವರಿಗೆ ಜೊತೆ ಕೊಡುವುದೇ ಮಗನ ಮೊದಲ ಪಾಠ. ಇದನ್ನು ಗಮನಿಸಬೇಕು. ರಾಗಕ್ಕಿಂತ ಮೊದಲು ಅವರು ಕಲಿತದ್ದು ತಾಳ ಹಿಡಿಯುವುದನ್ನು. ಇವತ್ತಿಗೂ ಅವರು ಎಷ್ಟೇ ವೇಗವಾಗಿ ನುಡಿಸಲಿ, ತಾಳ ಒಂದಿಷ್ಟೂ ಅಲುಗದಿರುವುದಕ್ಕೆ ಆ ಅಡಿಪಾಯವೇ ಕಾರಣ ಅಂತ ನನಗನ್ನಿಸುತ್ತದೆ.

ಮಕ್ಕಳ ಕೈ ನೋಡಿ ತಂದೆ ದೊಡ್ಡ ನಿರ್ಧಾರ ಮಾಡಿದರು. ಮನೆ ಮಾರಿ, ಎರಡು ಸ್ಟೇಷನ್ ವ್ಯಾಗನ್ ಕಾರುಗಳಲ್ಲಿ ಇಡೀ ಸಂಸಾರವನ್ನು ಹತ್ತಿಸಿಕೊಂಡು ಊರೂರು ಸುತ್ತತೊಡಗಿದರು. ಮಕ್ಕಳದೇ ಬ್ಯಾಂಡ್. ಟಾಮಿ ತಾಳದ ಗಿಟಾರು, ಅಣ್ಣ ಫಿಲ್ ಮುಖ್ಯ ಗಿಟಾರು. ಚಿಕ್ಕ ಟಾಮಿಗೆ ಆಗಲೇ ಅದು ಕೆಲಸ, ಮನೆ ನಡೆಯುವ ದಾರಿ.

ಆ ದಿನಗಳಲ್ಲೇ, ಏಳರ ವಯಸ್ಸಿನಲ್ಲಿ, ರೇಡಿಯೋದಲ್ಲಿ ಚೆಟ್ ಆಟ್ಕಿನ್ಸ್ ನುಡಿಸಿದ್ದು ಕಿವಿಗೆ ಬಿತ್ತು. ಕೇಳಿದ್ದು ಒಬ್ಬರ ಕೈ, ಆದರೆ ಸದ್ದು ಹಲವರದ್ದು. ಅದು ಹೇಗೆ ಅಂತ ಹುಡುಗ ಹುಡುಕಲು ಶುರುಮಾಡಿದ. ತೋರಿಸಿಕೊಡಲು ಯಾರೂ ಇಲ್ಲ. ಟ್ರಾವಿಸ್ ಕೈ ಕಾಣದೆ ಚೆಟ್ ಮಾಡಿದ ಕೆಲಸವನ್ನೇ, ಸಮುದ್ರದ ಆಚೆಗೆ, ಚೆಟ್ ಕೈ ಕಾಣದೆ ಟಾಮಿ ಮಾಡಿದರು. ಸ್ವರಲಿಪಿ ಓದುವುದನ್ನು ಅವರು ಕಲಿಯಲೇ ಇಲ್ಲ. ಎಲ್ಲವೂ ಕೇಳ್ಮೆ.

1966ರಲ್ಲಿ ತಂದೆ ತೀರಿಕೊಂಡರು. ಸಂಸಾರ ಪಾರ್ಕ್ಸ್ ಎಂಬ ಊರಲ್ಲಿ ನೆಲೆ ನಿಂತಿತು. ಮಕ್ಕಳು ಶಾಲೆಗೆ ಹೋಗಬೇಕು ಅಂತ ಸರ್ಕಾರದ ಇಲಾಖೆಯ ಒತ್ತಾಯವೂ ಇತ್ತು. ಹುಡುಗ ಟಾಮಿ ಚೆಟ್ ಅವರಿಗೆ ಅಭಿಮಾನಿಯಾಗಿ ಪತ್ರ ಬರೆದ. ಅಮೆರಿಕದಿಂದ ಉತ್ತರ ಬಂತು. ನಾಲ್ಕು ಒಳ್ಳೆಯ ಮಾತು, ಜೊತೆಗೆ ಯಾವಾಗಲಾದರೂ ಬಾ ಎಂಬ ಆಹ್ವಾನ.

## ಸಿಡ್ನಿಯ ವರ್ಷಗಳು

ಹದಿಹರೆಯದಲ್ಲಿ ಸಿಡ್ನಿಗೆ ಬಂದ ಟಾಮಿ ರಾತ್ರಿ ಕ್ಲಬ್ಬುಗಳಲ್ಲಿ, ಹಗಲು ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ನುಡಿಸಿದರು. ಬೇರೆಯವರ ಹಾಡುಗಳಿಗೆ, ಜಾಹೀರಾತುಗಳಿಗೆ ಕೂಲಿಗೆ ನುಡಿಸುವ ಕೆಲಸ. ಬಸವನಗುಡಿಯಲ್ಲೋ ಗಾಂಧಿನಗರದಲ್ಲೋ ಸಿನಿಮಾ ಹಾಡುಗಳಿಗೆ ನುಡಿಸುವ ನಮ್ಮ ವಾದಕರ ಬದುಕು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಸರು ಬರುವುದಿಲ್ಲ, ಕೈ ಮಾತ್ರ ಪಳಗುತ್ತದೆ. ಬ್ಯಾಂಡುಗಳಲ್ಲಿ ಡ್ರಮ್ಸ್ ಕೂಡ ಬಾರಿಸಿದರು. 1980ರ ದಶಕದಲ್ಲಿ ಡ್ರ್ಯಾಗನ್ ಎಂಬ ರಾಕ್ ಬ್ಯಾಂಡಿನಲ್ಲಿದ್ದು, 1987ರಲ್ಲಿ ಗಾಯಕಿ ಟೀನಾ ಟರ್ನರ್ ಅವರ ಪ್ರವಾಸದಲ್ಲಿ ಅದರ ಜೊತೆ ನುಡಿಸಿದರು.

ಡ್ರಮ್ಸ್ ವಿಷಯ ಸಣ್ಣದಲ್ಲ. ಇವತ್ತು ಅವರು ಗಿಟಾರಿನ ಮೈಮೇಲೆ ಅಂಗೈಯಲ್ಲಿ, ಕೆಲವೊಮ್ಮೆ ಡ್ರಮ್ ಬ್ರಷ್ಷಿನಲ್ಲಿ ತಟ್ಟಿ, ಮೈಕಿನ ಮುಂದೆ ಇಡೀ ತಾಳವಾದ್ಯ ಕಛೇರಿ ನಡೆಸುವುದು ಆ ಅನುಭವದ ಬಲದಿಂದಲೇ.

## ನ್ಯಾಶ್‌ವಿಲ್, ಮತ್ತು ಮೂರು ಅಕ್ಷರ

1980ರಲ್ಲಿ ಟಾಮಿ ನ್ಯಾಶ್‌ವಿಲ್‌ಗೆ ಹೋಗಿ ಚೆಟ್ ಅವರನ್ನು ಕಂಡರು. ಇಬ್ಬರೂ ಗಿಟಾರು ಹಿಡಿದು ಎದುರುಬದುರು ಕೂತು ನುಡಿಸಿದರು. ಸ್ನೇಹ ಕೊನೆಯವರೆಗೂ ಉಳಿಯಿತು. 1997ರಲ್ಲಿ ಇಬ್ಬರೂ ಸೇರಿ ಒಂದು ಆಲ್ಬಂ ತಂದರು. ಚೆಟ್ ಬದುಕಿದ್ದಾಗ ಬಂದ ಕೊನೆಯ ಆಲ್ಬಂಗಳಲ್ಲಿ ಅದೂ ಒಂದು.

1999ರಲ್ಲಿ ಚೆಟ್ ಅವರು ಟಾಮಿಗೆ ಸಿ.ಜಿ.ಪಿ. ಎಂಬ ಬಿರುದು ಕೊಟ್ಟರು. ಸರ್ಟಿಫೈಡ್ ಗಿಟಾರ್ ಪ್ಲೇಯರ್ ಎಂಬುದರ ಮೊದಲಕ್ಷರಗಳು. ಯಾವ ವಿಶ್ವವಿದ್ಯಾಲಯದ್ದೂ ಅಲ್ಲ, ಪರೀಕ್ಷೆಯೂ ಇಲ್ಲ. ಚೆಟ್ ಸ್ವತಃ ಹುಟ್ಟುಹಾಕಿದ ಬಿರುದು. ಅದನ್ನು ಅವರು ಕೊಟ್ಟಿದ್ದು ಜೆರ್ರಿ ರೀಡ್, ಸ್ಟೀವ್ ವಾರಿನರ್, ಜಾನ್ ನೋಲ್ಸ್, ಟಾಮಿ ಎಮ್ಯಾನುಯೆಲ್, ಇಷ್ಟೇ ಜನಕ್ಕೆ. ಎರಡು ವರ್ಷದ ನಂತರ, 2001ರ ಜೂನ್ 30ರಂದು ಚೆಟ್ ತೀರಿಕೊಂಡರು.

2000ದಲ್ಲಿ ಸಿಡ್ನಿ ಒಲಿಂಪಿಕ್ಸ್ ಸಮಾರೋಪದಲ್ಲಿ ಟಾಮಿ, ಫಿಲ್ ಇಬ್ಬರೂ ನುಡಿಸಿದರು. ಅದೇ ವರ್ಷ ಬರೀ ಅಕೌಸ್ಟಿಕ್ ಗಿಟಾರೊಂದನ್ನೇ ಇಟ್ಟುಕೊಂಡು ಮಾಡಿದ ಅವರ ಆಲ್ಬಂ ಬಂತು. ಅಲ್ಲಿಂದ ಮುಂದೆ ಒಬ್ಬರೇ, ಒಂದೇ ಗಿಟಾರು, ಜಗತ್ತಿನ ತುಂಬಾ ಕಛೇರಿ. ಫಿಂಗರ್‌ಸ್ಟೈಲ್ ನಂಬಿ ಬದುಕಬಹುದಾ ಅನ್ನುವ ಪ್ರಶ್ನೆಗೆ ಇದು ಉತ್ತರ. ಆದರೆ ಆ ಹೊತ್ತಿಗೆ ಅವರಿಗೆ ನಲವತ್ತೈದು, ಮತ್ತು ದುಡಿಯಲು ಶುರುಮಾಡಿದ್ದು ಚಿಕ್ಕ ಮಗುವಿದ್ದಾಗ ಅನ್ನುವುದನ್ನೂ ಜೊತೆಗೇ ಹೇಳಬೇಕು. 2024ರಲ್ಲಿ ವಾದ್ಯ ಸಂಯೋಜನೆಯ ವಿಭಾಗದಲ್ಲಿ ಇತರರ ಜೊತೆ ಗ್ರ್ಯಾಮಿ ಪ್ರಶಸ್ತಿಯೂ ಬಂತು.

## ಆ ಕೈಯಲ್ಲಿ ಇನ್ನೂ ಯಾರಿದ್ದಾರೆ

ಟ್ರಾವಿಸ್ ಮತ್ತು ಚೆಟ್ ಅಷ್ಟೇ ಅಲ್ಲ. ಚೊಕ್ಕವಾದ, ಹಾಡುವಂಥ ರಾಗಕ್ಕೆ ಇಂಗ್ಲೆಂಡಿನ ಶ್ಯಾಡೋಸ್ ತಂಡದ ಹ್ಯಾಂಕ್ ಮಾರ್ವಿನ್. ಬೆರಳುಗಳು ಪಂಜದಂತೆ ತಂತಿ ಕಿತ್ತು, ತಾಳವನ್ನು ಚಿವುಟುವ ಚುರುಕಿಗೆ ಜೆರ್ರಿ ರೀಡ್.

ಇನ್ನೊಬ್ಬರು ಕೆನಡಾದ ಲೆನ್ನಿ ಬ್ರೋ. ಟಾಮಿ ನಿಧಾನದ ರಾಗ ನುಡಿಸುವಾಗ ಸಣ್ಣ ಗಂಟೆಗಳು ಒಂದರ ಮೇಲೊಂದು ಸುರಿದಂತೆ ಕೇಳುವ ಒಂದು ನಾದ ಬರುತ್ತದೆ. ನೋಡುವವರು ಬೆರಗಾಗುವ ಜಾಗ ಅದು. ಅದರ ಗುಟ್ಟು ಇಷ್ಟು. ತಂತಿಯ ಸರಿಯಾಗಿ ಅರ್ಧದ ಜಾಗವನ್ನು ಒತ್ತದೆ, ಸುಮ್ನೆ ಮುಟ್ಟಿ ಮೀಟಿದರೆ ಒಂದು ಸ್ಥಾಯಿ ಮೇಲಿನ ಸ್ವರ ಗಾಜಿನಂತೆ ಹೊಮ್ಮುತ್ತದೆ. ಅದು ಹಾರ್ಮೋನಿಕ್. ತಂತಿಯ ಎರಡು ಅರ್ಧಗಳು ಬೇರೆ ಬೇರೆಯಾಗಿ ಅಲುಗುವುದರಿಂದ ಹಾಗಾಗುತ್ತದೆ. ಈ ಬಗೆಯಲ್ಲಿ ಬಲಗೈಯ ತೋರುಬೆರಳ ತುದಿ ಆ ಜಾಗ ಮುಟ್ಟುತ್ತದೆ, ಅದೇ ಕೈಯ ಹೆಬ್ಬೆರಳು ಮೀಟುತ್ತದೆ. ಕೂಡಲೇ ಉಂಗುರ ಬೆರಳು ಇನ್ನೊಂದು ತಂತಿಯಲ್ಲಿ ಮಾಮೂಲಿ ಸ್ವರ ಎಳೆಯುತ್ತದೆ. ಒಂದು ಗಾಜಿನ ಸ್ವರ, ಒಂದು ಮಾಮೂಲಿ ಸ್ವರ, ಹೀಗೆ ಒಂದಾದ ಮೇಲೊಂದು. ಹಿಂದಿನದು ಅಡಗುವ ಮುಂಚೆ ಮುಂದಿನದು ಬರುತ್ತದೆ. ಚೆಟ್ ಇದನ್ನು ನುಡಿಸುತ್ತಿದ್ದರು, ಲೆನ್ನಿ ಬ್ರೋ ಬೆಳೆಸಿದರು, ಟಾಮಿ ಅದನ್ನು ದೊಡ್ಡ ವೇದಿಕೆಗಳಿಗೆ ಒಯ್ದರು.

ಮಕ್ಕಳು ತೋರಿಸುವ ಎಲ್ಲ ವಿಡಿಯೋಗಳೂ ಈ ಪರಂಪರೆಯವಲ್ಲ. ಎಡಗೈಯನ್ನು ಮೇಲಿಂದ ತಂದು ತಂತಿಗೆ ಬಡಿಯುವುದು, ತಂತಿಗಳ ಶ್ರುತಿಯನ್ನೇ ಬದಲಿಸುವುದು, ಇವು ಅಮೆರಿಕದ ಮೈಕೆಲ್ ಹೆಜಸ್ ಮತ್ತು ಅವರ ನಂತರ ಯೂಟ್ಯೂಬ್‌ನಿಂದ ಹೆಸರಾದ ಆ್ಯಂಡಿ ಮೆಕ್‌ಕೀ ಅವರ ದಾರಿ. ಅದು ಬೇರೆಯೇ ಕೊಂಬೆ. ಟಾಮಿ ಬಹುಪಾಲು ಮಾಮೂಲಿ ಶ್ರುತಿಯಲ್ಲೇ ನುಡಿಸುತ್ತಾರೆ.

## ಇಲ್ಲಿ ಕಲಿಯುವವರಿಗೆ

ಗ್ರೇಡ್ ಪರೀಕ್ಷೆ ಬೇಕಾ ಅಂತ ತಂದೆತಾಯಿ ಕೇಳುತ್ತಾರೆ. ಸ್ವರಲಿಪಿ ಓದಲು ಬಂದರೆ ಲಾಭವೇ. ಆದರೆ ಈ ಪರಂಪರೆ ನಿಂತಿರುವುದು ಕಿವಿಯ ಮೇಲೆ. ಪರೀಕ್ಷೆಯ ಪಾಠದ ಜೊತೆ ಕೇಳಿ ನುಡಿಸುವ ಅಭ್ಯಾಸವೂ ಇರಲಿ. ಟ್ರಾವಿಸ್ ನುಡಿಸಿದ್ದನ್ನು ಮೊದಲು, ಚೆಟ್ ನುಡಿಸಿದ್ದನ್ನು ಆಮೇಲೆ, ಟಾಮಿಯನ್ನು ಕೊನೆಗೆ ಕೇಳಿಸಿ. ಬೇಸ್ ಎಲ್ಲಿದೆ ಅಂತ ಮಾತ್ರ ಹುಡುಕಲು ಹೇಳಿ.

ಗಿಟಾರು ತುಂಬಾ ದುಬಾರಿಯದೇ ಆಗಬೇಕಿಲ್ಲ. ತಂತಿ ಫ್ರೆಟ್ಟಿಗೆ, ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಮೆಟ್ಟಿಲಿಗೆ, ಹತ್ತಿರ ಇರಲಿ, ಇಲ್ಲದಿದ್ದರೆ ಚಿಕ್ಕ ಕೈಗೆ ನೋವು. ಅಂಗಡಿಯಲ್ಲಿ "ಆ್ಯಕ್ಷನ್ ಇಳಿಸಿಕೊಡಿ" ಅಂದರೆ ಸಾಕು. ಮೇಲ್ಭಾಗ ಪ್ಲೈವುಡ್ ಅಲ್ಲದೆ ಅಖಂಡ ಮರದ್ದಾದರೆ ಹವೆಯ ಕಡೆ ಗಮನವಿರಲಿ. ಇಂಥ ಗಿಟಾರಿಗೆ ಒಗ್ಗುವುದು ಶೇ 45ರಿಂದ 55ರಷ್ಟು ತೇವಾಂಶ. ಬೆಂಗಳೂರಿನ ಫೆಬ್ರವರಿ ಮಾರ್ಚ್ ಒಣಹವೆಗೆ ಮರ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಗೋಡೆಗೆ ನೇತುಹಾಕುವುದಕ್ಕಿಂತ ಪೆಟ್ಟಿಗೆಯಲ್ಲಿ ಇಡುವುದು ಒಳ್ಳೆಯದು.

ಇನ್ನು ಅಭ್ಯಾಸ. ಟಿಕ್ ಟಿಕ್ ಅಂತ ಸಮವಾಗಿ ಎಣಿಸುವ ಮೆಟ್ರೋನೋಮನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು, ಸಿ ಕಾರ್ಡ್ ಹಿಡಿದು, ಮೊದಲ ವಾರ ಹೆಬ್ಬೆರಳೊಂದೇ ನಡೆಯಲಿ. ಮನೆಯವರ ಜೊತೆ ಮಾತಾಡುತ್ತಾ ತಪ್ಪದೆ ನುಡಿಸಲು ಬಂದಾಗ ಒಂದನೇ ತಂತಿಯಲ್ಲಿ ಒಂದೇ ಒಂದು ಸ್ವರ ಸೇರಿಸಲಿ, ಮೊದಲು ಪೆಟ್ಟಿನ ಜೊತೆ, ಆಮೇಲೆ ಎರಡು ಪೆಟ್ಟಿನ ನಡುವೆ. ಹೆಬ್ಬೆರಳು ಎಡವಿತೋ, ವೇಗ 50ಕ್ಕೆ ಇಳಿಸಿ ಮತ್ತೆ ಶುರುಮಾಡಲಿ.